ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಟ್ರೋಲಿಂಗ್: ಹೊಸಬರ ಮುಂದಿರುವ ಆಯ್ಕೆಗಳು

ಅಮೆರಿಕದ ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ಕರ್ನಾಟಕದ ಒಟ್ಟು ವಿಸ್ತೀರ್ಣದ ಮೂರನೇ ಒಂದು ಪಾಲಿಗೆ ಇದು ಸ್ವಲ್ಪವೇ ಕಡಿಮೆ. ಅತ್ಯಂತ ಆಳವಾದ ಜಾಗದಲ್ಲಿ ತಳ 281 ಮೀಟರ್ ಕೆಳಗಿದೆ. ಇಂಥ ನೀರಿನಲ್ಲಿ ಒಂದೇ ಕಡೆ ಗಾಳ ಹಾಕಿ ಸಾಲ್ಮನ್ ಮೀನಿಗಾಗಿ ಕಾಯುವುದು ವರ್ಷದ ಕೆಲವು ವಾರಗಳಲ್ಲಿ ಮಾತ್ರ ಫಲ ಕೊಡುತ್ತದೆ. ಉಳಿದ ಕಾಲದಲ್ಲಿ ಎರೆಯನ್ನು ನಾವೇ ಮೀನಿನ ಬಳಿಗೆ ಕೊಂಡೊಯ್ಯಬೇಕು. ದೋಣಿಯನ್ನು ನಡಿಗೆಯ ವೇಗದಲ್ಲಿ ಓಡಿಸುತ್ತ, ಹಲವು ದಾರಗಳಲ್ಲಿ ಹುಸಿ ಎರೆಗಳನ್ನು ಹಿಂದೆ ಎಳೆದುಕೊಂಡು ಹೋಗುವ ಪದ್ಧತಿಯೇ ಟ್ರೋಲಿಂಗ್. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಬಲೆ ಎಳೆಯುತ್ತವೆ. ಇಲ್ಲಿ ಬಲೆಯ ಮಾತಿಲ್ಲ, ಒಂದೊಂದು ದಾರದ ತುದಿಯಲ್ಲಿ ಒಂದೊಂದು ಎರೆ, ಅಷ್ಟೇ.

ಹೊಸಬರು ಮೊದಲು ಕೇಳುವುದು ಸಲಕರಣೆಯ ವಿಷಯ: ಯಾವ ಕೋಲು, ಯಾವ ರೀಲು, ಯಾವ ಬಣ್ಣದ ಸ್ಪೂನು ಅಂದರೆ ತಗಡಿನ ಹುಸಿ ಎರೆ. ಸರೋವರದ ದಡದ ಅಂಗಡಿಗಳಲ್ಲಿ ಗೋಡೆ ತುಂಬ ನೇತಾಡುವ ಬಣ್ಣಬಣ್ಣದ ಎರೆಗಳನ್ನು ಕಂಡಾಗ ಆ ಪ್ರಶ್ನೆ ಏಳುವುದು ಸಹಜ. ಆದರೆ ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಒಂದಿದೆ. ನೀವು ಹೋಗುವ ತಿಂಗಳಲ್ಲಿ, ನೀವು ದೋಣಿ ಇಳಿಸುವ ಬಂದರಿನ ಎದುರು, ನಿಮಗೆ ಬೇಕಾದ ಮೀನು ಎಷ್ಟು ಆಳದಲ್ಲಿರುತ್ತದೆ? ದೋಣಿಯ ಗಾತ್ರ, ಸಲಕರಣೆಯ ಬಗೆ, ಖರ್ಚು ಮತ್ತು ಅಪಾಯ ಇವೆಲ್ಲವೂ ಈ ಉತ್ತರವನ್ನೇ ಅವಲಂಬಿಸಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಮುಂದಿನ ಹೋಲಿಕೆಗಳನ್ನೆಲ್ಲ ಆಳದ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಯಾವ ಮೀನು, ಯಾವ ತಿಂಗಳು, ಯಾವ ಬಂದರು

ಈ ಸರೋವರಕ್ಕೆ ಸಾಲ್ಮನ್ ಮೂಲ ನಿವಾಸಿಯಲ್ಲ. 1940 ಮತ್ತು 1950ರ ದಶಕಗಳಲ್ಲಿ ಸಮುದ್ರದಿಂದ ಬಂದು ಸೇರಿದ ಲ್ಯಾಂಪ್ರೆ ಎಂಬ ಪರಾವಲಂಬಿ ಜೀವಿಯೂ ಮಿತಿಮೀರಿದ ಮೀನುಗಾರಿಕೆಯೂ ಸೇರಿ ಇಲ್ಲಿನ ಲೇಕ್ ಟ್ರೌಟ್ ಸಂತತಿಯನ್ನು ಅಳಿಸಿಹಾಕಿದವು. ತಿನ್ನುವ ದೊಡ್ಡ ಮೀನಿಲ್ಲದೆ ಆಲ್‌ವೈಫ್ ಎಂಬ ಸಣ್ಣ ಬೆಳ್ಳಿ ಮೀನು ಲೆಕ್ಕವಿಲ್ಲದಷ್ಟು ಹೆಚ್ಚಿ, ಬೇಸಿಗೆಯಲ್ಲಿ ಸತ್ತು ದಡದುದ್ದಕ್ಕೂ ರಾಶಿ ಬೀಳತೊಡಗಿತು. ಆಗ ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದ ಹೋವರ್ಡ್ ಟ್ಯಾನರ್ ಅವರು ಆರೆಗನ್‌ನಿಂದ ಮೊಟ್ಟೆ ತರಿಸಿ ಮರಿ ಮಾಡಿಸಿ, 1966ರಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಬಿಡಿಸಿದರು; ಮರುವರ್ಷ ಶಿನೂಕ್ ಸಾಲ್ಮನ್ ಬಂತು. ಸ್ಟೀಲ್‌ಹೆಡ್ ಇನ್ನೂ ಹಳೆಯದು. ದೊಡ್ಡ ನೀರಿಗೆ ವಲಸೆ ಹೋಗಿ ಬೆಳೆಯುವ ಈ ಮಳೆಬಿಲ್ಲು ಟ್ರೌಟ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ, ಮಿಶಿಗನ್ ಕೂಡ ಸೇರಿರುವ ಉತ್ತರ ಅಮೆರಿಕದ ಐದು ಮಹಾ ಸರೋವರಗಳಿಗೆ ಬಂದಿತ್ತು. ಈ ಚರಿತ್ರೆಯನ್ನು ಇಲ್ಲಿ ಹೇಳಲು ಕಾರಣವಿದೆ. ಶಿನೂಕ್ ಇಂದಿಗೂ ಬಹುಪಾಲು ಆಲ್‌ವೈಫನ್ನೇ ತಿಂದು ಬದುಕುವುದರಿಂದ, ಆಲ್‌ವೈಫ್ ಹೋದ ಆಳಕ್ಕೆ ತಾನೂ ಹೋಗುತ್ತದೆ. ಸ್ಟೀಲ್‌ಹೆಡ್ ಮೇಲ್ನೀರಿನಲ್ಲಿ ತೇಲಿಬಂದ ಕೀಟಗಳನ್ನೂ ತಿನ್ನುವುದರಿಂದ ಮೇಲೆಯೇ ಅಡ್ಡಾಡುತ್ತದೆ.

ಏಪ್ರಿಲ್ ಮತ್ತು ಮೇ ತಿಂಗಳ ಕೋಹೋ ಹೊಸಬರಿಗೆ ಅತ್ಯಂತ ಅನುಕೂಲವಾದ ಮೀನು. ಸರೋವರದ ದಕ್ಷಿಣ ತುದಿಯ ಆಳವಿಲ್ಲದ ನೀರು ಮೊದಲು ಬಿಸಿಯಾಗುವುದರಿಂದ ಇಂಡಿಯಾನಾದ ಮಿಶಿಗನ್ ಸಿಟಿ, ಷಿಕಾಗೊ, ವಾಕೀಗನ್, ಮಿಶಿಗನ್ ರಾಜ್ಯದ ಸೇಂಟ್ ಜೋಸೆಫ್ ಈ ಬಂದರುಗಳ ಎದುರೇ ಮೂರರಿಂದ ಐದು ಪೌಂಡಿನ ಕೋಹೋಗಳು ಗುಂಪುಗುಂಪಾಗಿ ಸೇರುತ್ತವೆ. ಹೆಚ್ಚಿನವು ಮೇಲಿನ 20 ಅಡಿಯೊಳಗೇ ಇರುತ್ತವೆ; ದಡವೂ ಕಣ್ಣಿಗೆ ಕಾಣುತ್ತಿರುತ್ತದೆ. ಜೂನ್ ಬಂತೆಂದರೆ ಸ್ಟೀಲ್‌ಹೆಡ್‌ನ ಕಾಲ. ನೀರಿನ ಉಷ್ಣತೆ ಒಮ್ಮೆಲೇ ಬದಲಾಗುವ ಗೆರೆಗಳು ದಡದಿಂದ ಹಲವು ಮೈಲಿ ದೂರದಲ್ಲಿ ಏರ್ಪಡುತ್ತವೆ. ನೊರೆ, ಕಸಕಡ್ಡಿ, ಸತ್ತ ಕೀಟಗಳು ಅಲ್ಲಿ ಒಂದು ಪಟ್ಟಿಯಾಗಿ ತೇಲುತ್ತಿರುತ್ತವೆ. ಕೆಳಗೆ 200 ಅಡಿ ನೀರಿದ್ದರೂ ಸ್ಟೀಲ್‌ಹೆಡ್ ಆ ಪಟ್ಟಿಯ ಬಳಿ ಮೇಲಿನ 30 ಅಡಿಯಲ್ಲೇ ಬೇಟೆಯಾಡುತ್ತದೆ. ಎರೆ ಹೋಗಬೇಕಾದ ಆಳ ಕಡಿಮೆ, ಆದರೆ ದೋಣಿ ಹೋಗಬೇಕಾದ ದೂರ ಹೆಚ್ಚು.

ಜುಲೈ, ಆಗಸ್ಟ್ ತಿಂಗಳಲ್ಲಿ ಎಲ್ಲರ ಮನಸ್ಸೂ ಶಿನೂಕ್ ಮೇಲೆ. ಇಲ್ಲಿನ ಮೀನುಗಾರರು ಅದನ್ನು ಕಿಂಗ್ ಎಂದೇ ಕರೆಯುತ್ತಾರೆ. 2021ರ ಆಗಸ್ಟಿನಲ್ಲಿ ಲಡಿಂಗ್ಟನ್ ಎದುರು ಸಿಕ್ಕ 47.86 ಪೌಂಡಿನ ಶಿನೂಕ್ ಮಿಶಿಗನ್ ರಾಜ್ಯದ ದಾಖಲೆಯಾಯಿತು. ಅಷ್ಟು ದೊಡ್ಡದು ಅಪರೂಪವಾದರೂ ಹತ್ತರಿಂದ ಇಪ್ಪತ್ತು ಪೌಂಡಿನದು ಸಿಗುವುದು ಅಪರೂಪವಲ್ಲ. ಶಿನೂಕ್‌ಗೆ ಸೆಲ್ಸಿಯಸ್ ಮಾಪನದಲ್ಲಿ ಸುಮಾರು 10ರಿಂದ 13 ಡಿಗ್ರಿಯ ನೀರು ಹಿತ. ನಡುಬೇಸಿಗೆಯಲ್ಲಿ ಅಂಥ ತಂಪು ನೀರು 50ರಿಂದ 100 ಅಡಿ ಕೆಳಗಿರಬಹುದು, ಕೆಲವು ದಿನ ಇನ್ನೂ ಕೆಳಗೆ. ಗಾಳಿ ಬದಲಾದರೆ ಈ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಪೂರ್ವ ದಡದಲ್ಲಿ ಉತ್ತರದ ಅಥವಾ ಪೂರ್ವದ ಗಾಳಿ ಎರಡು ಮೂರು ದಿನ ಬೀಸಿದರೆ ಮೇಲಿನ ಬಿಸಿನೀರು ನಡುನೀರಿನತ್ತ ಸರಿದು, ಕೆಳಗಿನ ತಂಪು ನೀರು ದಡದ ಬಳಿಗೇ ಏರಿಬರುತ್ತದೆ, ಅದರ ಜೊತೆ ಮೀನೂ ಬರುತ್ತದೆ. ಲಡಿಂಗ್ಟನ್, ಮ್ಯಾನಿಸ್ಟೀ, ಫ್ರಾಂಕ್‌ಫರ್ಟ್ ಬಂದರುಗಳು ಬೇಸಿಗೆಯ ಶಿನೂಕ್‌ಗೆ ಹೆಸರಾದವು. ಎದುರು ದಡದ ವಿಸ್ಕಾನ್ಸಿನ್‌ನಲ್ಲಿ ಪೋರ್ಟ್ ವಾಷಿಂಗ್ಟನ್, ಶಿಬಾಯ್ಗನ್, ಆಲ್ಗೋಮಾ ಕೂಡ.

ಹಾಗಾಗಿ ಮೊದಲ ವರ್ಷ ವಸಂತದ ಕೋಹೋ, ಎರಡನೆಯ ವರ್ಷ ಬೇಸಿಗೆಯ ಶಿನೂಕ್ ಎಂಬ ಕ್ರಮವನ್ನೇ ನಾನು ಶಿಫಾರಸು ಮಾಡುತ್ತೇನೆ. ದೊಡ್ಡ ಮೀನಿನ ಆಸೆಯಿಂದ ನೇರವಾಗಿ ಆಗಸ್ಟಿಗೆ ಧುಮುಕಿದವರು ಹೆಚ್ಚು ಹಣ ಹಾಕಿ ಕಡಿಮೆ ಕಲಿಯುತ್ತಾರೆ. ಬೇರೆ ಸರೋವರಗಳ ವಿಷಯ ಚಿಕ್ಕದಾಗಿ ಹೇಳಬಹುದು. ಅಂಟೇರಿಯೋ ಸರೋವರ ಶಿನೂಕ್‌ಗೆ ಮಿಶಿಗನ್‌ಗೆ ಸಮನಾದದ್ದು; ನ್ಯೂಯಾರ್ಕ್ ರಾಜ್ಯದ ಆಸ್ವೀಗೋ, ಆಲ್ಕಾಟ್ ಕಡೆ ಹತ್ತಿರವಿರುವವರು ಅದನ್ನೇ ಆರಿಸಿಕೊಳ್ಳಲಿ. ಈರಿಯಲ್ಲಿ ಸ್ಟೀಲ್‌ಹೆಡ್ ಉಂಟು, ಶಿನೂಕ್ ನೆಚ್ಚಿಕೊಳ್ಳುವಂತಿಲ್ಲ. ಹ್ಯೂರನ್‌ನಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಆಲ್‌ವೈಫ್ ಸಂತತಿ ಕುಸಿದು, ಅದರೊಡನೆ ಶಿನೂಕ್ ಕೂಡ ಕುಸಿಯಿತು.

ಬಾಡಿಗೆ ದೋಣಿಯೋ, ಸ್ವಂತ ದೋಣಿಯೋ

ಬಂದರುಗಳಲ್ಲಿ ಚಾರ್ಟರ್ ದೋಣಿಗಳು ಸಿಗುತ್ತವೆ. ಅಮೆರಿಕದ ಕೋಸ್ಟ್ ಗಾರ್ಡ್ ಪರವಾನಗಿ ಪಡೆದ ಕ್ಯಾಪ್ಟನ್ ಸಾಮಾನ್ಯವಾಗಿ ಆರು ಜನರವರೆಗೆ ಕರೆದೊಯ್ಯುತ್ತಾರೆ. ಕೋಲು, ಎರೆ ಎಲ್ಲವೂ ಅವರದೇ. ಅರ್ಧ ದಿನಕ್ಕೆ ಹಲವು ನೂರು ಡಾಲರ್ ಆಗುತ್ತದೆ, ಸಹಾಯಕನಿಗೆ ಭಕ್ಷೀಸು ಕೊಡುವುದು ರೂಢಿ. ಆರು ಜನ ಹಂಚಿಕೊಂಡರೆ ಇದು ಭಾರವಲ್ಲ. ಸ್ವಂತ ದೋಣಿಗೆ ಹೋಲಿಸಿದರೆ ಈ ಖರ್ಚು ಪಾಠದ ಶುಲ್ಕವೆಂದೇ ತಿಳಿಯಬಹುದು, ಒಂದು ಷರತ್ತಿನ ಮೇಲೆ: ಮೀನು ಹಿಡಿಸುವುದರ ಜೊತೆಗೆ ಕಲಿಸುವ ಮನಸ್ಸೂ ಇರುವ ಕ್ಯಾಪ್ಟನ್ ಸಿಗಬೇಕು. ಕಾಯ್ದಿರಿಸುವಾಗಲೇ “ನಾವು ಕಲಿಯಲು ಬರುತ್ತಿದ್ದೇವೆ, ದಾರ ಬಿಡುವುದನ್ನು ನಮ್ಮ ಕೈಯಿಂದಲೇ ಮಾಡಿಸುತ್ತೀರಾ” ಎಂದು ಕೇಳಿ. ಸಂತೋಷದಿಂದ ಒಪ್ಪುವವರನ್ನು ಆರಿಸಿ, ಒಳ್ಳೆಯ ತಿಂಗಳಲ್ಲಿ ಒಮ್ಮೆ, ಕಷ್ಟದ ತಿಂಗಳಲ್ಲಿ ಒಮ್ಮೆ ಹೋಗಿ. ಮೀನು ಸುಲಭವಾಗಿ ಸಿಗದ ದಿನ ಅನುಭವಿ ಕ್ಯಾಪ್ಟನ್ ಏನನ್ನು ಮೊದಲು ಬದಲಿಸುತ್ತಾರೆ, ವೇಗವನ್ನೋ ಆಳವನ್ನೋ ಎರೆಯನ್ನೋ ಎಂದು ಗಮನಿಸುವುದರಲ್ಲಿ ಕಲಿಯುವುದು ಬಹಳವಿದೆ.

ಸ್ವಂತ ದೋಣಿಯ ಬಗ್ಗೆ ನಿರ್ಧರಿಸುವಾಗ ಮೀನಿಗಿಂತ ಮೊದಲು ನೀರನ್ನು ನೆನೆಯಬೇಕು. ಕೋಹೋ ಬಿಟ್ಟ ಮೊದಲ ವರ್ಷಗಳ ಉತ್ಸಾಹದಲ್ಲಿ, 1967ರ ಸೆಪ್ಟೆಂಬರ್ 23ರಂದು, ಪ್ಲಾಟ್ ಕೊಲ್ಲಿಯಲ್ಲಿ ಸಣ್ಣ ಸಣ್ಣ ದೋಣಿಗಳಲ್ಲಿದ್ದವರ ಮೇಲೆ ಬಿರುಗಾಳಿ ಎರಗಿ ಏಳು ಜನ ಪ್ರಾಣ ಕಳೆದುಕೊಂಡರು. ಸರೋವರ ಇಂದಿಗೂ ಅದೇ ಸರೋವರ. ವಸಂತದಲ್ಲಿ ನೀರು ಎಷ್ಟು ತಣ್ಣಗಿರುತ್ತದೆಂದರೆ, ಬಿದ್ದವರ ಕೈಕಾಲು ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ. ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿದ್ದರೆ ಪ್ರಯೋಜನವಿಲ್ಲ, ಮೈಮೇಲಿರಬೇಕು. ಒಳನಾಡಿನ ಕೆರೆಗೆ ಸಾಕಾಗುವ 14 ಅಡಿಯ ಚಪ್ಪಟೆ ತಳದ ದೋಣಿ ಇಲ್ಲಿಗೆ ಬೇಡ. ಚೂಪು ತಳದ, ಎತ್ತರದ ಅಂಚಿನ 18ರಿಂದ 22 ಅಡಿಯ ದೋಣಿ, ಅದರಲ್ಲಿ ಮುಖ್ಯ ಎಂಜಿನ್ ಜೊತೆಗೆ ಒಂದು ಚಿಕ್ಕ ಎಂಜಿನ್, ಇತರ ದೋಣಿಗಳೊಡನೆ ಮತ್ತು ದಡದೊಡನೆ ಮಾತಾಡಲು ವಿಎಚ್ಎಫ್ ರೇಡಿಯೋ ಇದ್ದರೆ ಶಾಂತ ದಿನಗಳಲ್ಲಿ ಕೋಹೋಗೆ ಹೋಗಬಹುದು. ಜೂನ್ ತಿಂಗಳ ಸ್ಟೀಲ್‌ಹೆಡ್‌ಗಾಗಿ ದಡ ಬಿಟ್ಟು ದೂರ ಹೋಗಲು ಇಷ್ಟು ಸಾಲದು; ಜೊತೆಗೆ ಇನ್ನೊಂದು ದೋಣಿ ಇರಲಿ, ಇಲ್ಲವೇ ಆ ಒಂದು ಬೇಟೆಯನ್ನು ಚಾರ್ಟರ್‌ಗೇ ಬಿಡಿ.

ಹವಾಮಾನದ ವಿಷಯದಲ್ಲಿ ಹೊಸಬರು ಮೋಸಹೋಗುವುದು ನೆಲದ ಕಡೆಯಿಂದ ಬೀಸುವ ಗಾಳಿಯಿಂದ. ಮಿಶಿಗನ್ ರಾಜ್ಯದ ಕಡೆಯ ಪೂರ್ವ ದಡದಲ್ಲಿ ಪೂರ್ವದ ಗಾಳಿಯಿದ್ದ ಬೆಳಿಗ್ಗೆ ದೋಣಿ ಇಳಿಸುವ ಜಾಗದಲ್ಲಿ ನೀರು ಕನ್ನಡಿಯಂತೆ ಕಾಣುತ್ತದೆ. ಐದು ಮೈಲಿ ಹೋಗುವಷ್ಟರಲ್ಲಿ ತೆರೆ ಎದ್ದಿರುತ್ತದೆ, ಹಿಂತಿರುಗುವುದು ಆ ಗಾಳಿಗೆ ಎದುರಾಗಿ. ದಡದ ನೀರನ್ನು ನೋಡಿ ತೀರ್ಮಾನಿಸದೆ, ರಾಷ್ಟ್ರೀಯ ಹವಾಮಾನ ಸೇವೆಯ ದಡದಂಚಿನ ನೀರಿನ ಮುನ್ಸೂಚನೆಯನ್ನು ಓದಿ, ಎರಡು ಅಡಿಗಿಂತ ಹೆಚ್ಚಿನ ತೆರೆ ಹೇಳಿದ್ದರೆ ಮೊದಲ ವರ್ಷ ಮನೆಯಲ್ಲೇ ಉಳಿಯಿರಿ.

ಎರೆಯನ್ನು ಆಳಕ್ಕಿಳಿಸುವ ದಾರಿಗಳು

ಸಲಕರಣೆಯ ನಿಜವಾದ ಹೋಲಿಕೆ ಇರುವುದು ಇಲ್ಲಿ. ಎಳೆಯುತ್ತಿರುವ ಎರೆ ತಾನಾಗಿ ಮೇಲಕ್ಕೇ ಬರುತ್ತದೆ. ಅದನ್ನು ಬೇಕಾದ ಆಳದಲ್ಲಿ ಹಿಡಿದಿಡಲು ಡೌನ್‌ರಿಗರ್, ಡೈವರ್, ಸೀಸದ ದಾರ ಎಂಬ ಮೂರು ಮುಖ್ಯ ಉಪಾಯಗಳಿವೆ.

ಡೌನ್‌ರಿಗರ್ ಎಂದರೆ ದೋಣಿಯ ಅಂಚಿಗೆ ಬಿಗಿದ ಒಂದು ರಾಟೆ. ಅದರ ತಂತಿಯ ತುದಿಯಲ್ಲಿ 8ರಿಂದ 12 ಪೌಂಡಿನ ಗುಂಡು. ಗುಂಡಿನ ಬಳಿ ಒಂದು ಚಿಮುಟ. ಕೋಲಿನ ದಾರವನ್ನು ಚಿಮುಟಕ್ಕೆ ಸಿಕ್ಕಿಸಿ ಗುಂಡನ್ನು ಇಳಿಸಿದರೆ, ಮಾಪಕ ತೋರಿಸಿದಷ್ಟು ಆಳದಲ್ಲಿ ಎರೆ ಈಜುತ್ತದೆ. ದಾರ ಬಿಗಿದು ಕೋಲು ಬಿಲ್ಲಿನಂತೆ ಬಾಗಿರುತ್ತದೆ. ಮೀನು ಕಚ್ಚಿದಾಗ ಚಿಮುಟ ಬಿಟ್ಟು, ಬಾಗಿದ ಕೋಲು ಒಮ್ಮೆಲೇ ನೆಟ್ಟಗಾಗುತ್ತದೆ. ನೋಡಿದವರಿಗೆ ಮೀನು ತಪ್ಪಿಹೋಯಿತೆಂದೇ ಅನಿಸುತ್ತದೆ. ಆ ಕ್ಷಣದಲ್ಲಿ ಕೋಲನ್ನೆತ್ತಿ, ಸಡಿಲವಾದ ದಾರವನ್ನು ಮೀನಿನ ಭಾರ ಕೈಗೆ ತಾಗುವವರೆಗೂ ಬಿರುಸಾಗಿ ಸುತ್ತಿಕೊಳ್ಳಬೇಕು. ಆಳ ಕರಾರುವಾಕ್ಕಾಗಿ ಗೊತ್ತಾಗುವುದು, ಸಿಕ್ಕ ಮೇಲೆ ಕೋಲಿನಲ್ಲಿ ಮೀನಿನದಲ್ಲದೆ ಬೇರೆ ಭಾರವಿಲ್ಲದಿರುವುದು ಇದರ ಎರಡು ದೊಡ್ಡ ಗುಣಗಳು. ದೋಷವೆಂದರೆ ಬೆಲೆ, ಮತ್ತು ದೋಣಿಗೆ ಭದ್ರವಾಗಿ ಕೂರಿಸುವ ಕೆಲಸ. ಕೈಯಿಂದ ಸುತ್ತುವ ಬಗೆಗಿಂತ ವಿದ್ಯುತ್ತಿನದು ಹಲವು ಪಟ್ಟು ದುಬಾರಿ. 40 ಅಡಿಯವರೆಗೆ ಕೈಯದೇ ಸಾಕು, 90 ಅಡಿಯಿಂದ ಮತ್ತೆ ಮತ್ತೆ ಗುಂಡನ್ನೆತ್ತುವ ಬೇಸಿಗೆಯಲ್ಲಿ ವಿದ್ಯುತ್ತಿನದರ ಬೆಲೆ ತೋಳಿಗೆ ಅರ್ಥವಾಗುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡಕ್ಕೆ ಗುಂಡು ಹಿಂದಕ್ಕೆ ತೂಗುವುದರಿಂದ, ಮಾಪಕ ಹೇಳುವುದಕ್ಕಿಂತ ಎರೆ ಸ್ವಲ್ಪ ಮೇಲೆಯೇ ಇರುತ್ತದೆ ಎಂಬುದು ನೆನಪಿರಲಿ.

ಡೈವರ್ ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ದಾರಕ್ಕೂ ಎರೆಗೂ ನಡುವೆ ಕಟ್ಟಿದರೆ, ಎಳೆದ ರಭಸಕ್ಕೆ ತಾನೇ ಕೆಳಗೆ ಮುಳುಗುತ್ತದೆ. ಡಿಪ್ಸಿ ಡೈವರ್ ಎಂಬ ಹೆಸರಿನದು ಹೆಚ್ಚು ಬಳಕೆಯಲ್ಲಿದೆ. ಅದರ ತಳದ ಅಂಕಿಗಳನ್ನು 0ಗೆ ಇಟ್ಟರೆ ನೇರ ಕೆಳಕ್ಕೆ, 3ಕ್ಕೆ ತಿರುಗಿಸಿದರೆ ಎಡಕ್ಕೋ ಬಲಕ್ಕೋ ದೂರ ಸರಿದು ಕಡಿಮೆ ಆಳಕ್ಕೆ ಹೋಗುತ್ತದೆ. 3ರಲ್ಲಿಟ್ಟಾಗ ಮೂರು ಅಡಿ ದಾರಕ್ಕೆ ಒಂದು ಅಡಿ ಆಳ ಎಂಬುದು ಒರಟು ಲೆಕ್ಕ. ದಾರದ ದಪ್ಪ, ವೇಗ ಬದಲಾದರೆ ಲೆಕ್ಕವೂ ಬದಲು. ದಾರದ ಉದ್ದ ತೋರಿಸುವ ರೀಲು ಇದಕ್ಕೆ ಬೇಕೇಬೇಕು, ಏಕೆಂದರೆ ಮೀನು ಸಿಕ್ಕ ಉದ್ದಕ್ಕೇ ಮತ್ತೆ ದಾರ ಬಿಡುವುದರಲ್ಲಿ ಇದರ ಉಪಯೋಗವೆಲ್ಲ ಅಡಗಿದೆ. ಇದರ ಸೂಕ್ಷ್ಮ ಇರುವುದು ಒಂದು ಪುಟ್ಟ ತಿರುಪಿನಲ್ಲಿ. ಬಿಗಿ ಹೆಚ್ಚಾದರೆ ಮೀನು ಕಚ್ಚಿದರೂ ತಟ್ಟೆ ಮಗುಚುವುದಿಲ್ಲ, ಮೀನಿನ ಜೊತೆ ತಟ್ಟೆಯನ್ನೂ ಎಳೆಯಬೇಕಾಗುತ್ತದೆ. ಕಡಿಮೆಯಾದರೆ ಒಂದು ತೆರೆ ತಾಗಿದರೂ ಮಗುಚಿ, ಎರೆ ಮೇಲೆ ಬಂದು ತೇಲುತ್ತದೆ. ಬೆಲೆಯಲ್ಲಿ ಡೌನ್‌ರಿಗರ್‌ನ ಒಂದು ಸಣ್ಣ ಪಾಲು. ಕಚ್ಚಿದಾಗಿನ ಹೊಡೆತವಂತೂ ಮೂರರಲ್ಲೂ ಅತಿ ಜೋರು. ಅದಕ್ಕಾಗಿಯೇ ಗಟ್ಟಿ ಕೋಲು ಮತ್ತು ಕೋಲು ನಿಲ್ಲಿಸುವ ಭದ್ರವಾದ ಹಿಡಿಕೆ ಬೇಕು.

ಸೀಸದ ದಾರ, ಅಂದರೆ ಲೆಡ್‌ಕೋರ್, ನೇಯ್ದ ಹೊದಿಕೆಯೊಳಗೆ ಸೀಸದ ಎಳೆಯಿರುವ ದಾರ. ಪ್ರತಿ 30 ಅಡಿಗೆ ಬಣ್ಣ ಬದಲಾಗುವುದರಿಂದ ಎಷ್ಟು ಬಣ್ಣ ಬಿಟ್ಟೆವೆಂದು ಎಣಿಸಿದರೆ ಸಾಕು. ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಆಳ. ಇದನ್ನು ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆಗೆ ಸಿಕ್ಕಿಸಿದರೆ, ಹಲಗೆ ದಾರವನ್ನು ದೋಣಿಯಿಂದ 50ರಿಂದ 100 ಅಡಿ ಪಕ್ಕಕ್ಕೆ ಕೊಂಡೊಯ್ಯುತ್ತದೆ. ಮೇಲ್ನೀರಿನ ಸ್ಟೀಲ್‌ಹೆಡ್ ಮತ್ತು ಕೋಹೋ ದೋಣಿಯ ನೆರಳಿಗೂ ಸದ್ದಿಗೂ ಬೆದರಿ ಪಕ್ಕಕ್ಕೆ ಸರಿಯುವುದರಿಂದ, ಅವಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಕ್ವಾಗಾ ಎಂಬ ಪರದೇಶಿ ಮಸ್ಸೆಲ್‌ಗಳು ಹಬ್ಬಿ ನೀರನ್ನು ತಿಳಿಯಾಗಿಸಿದ ಮೇಲಂತೂ ಬೋರ್ಡ್‌ಗಳ ಮಹತ್ವ ಹೆಚ್ಚಿದೆ. ಇದರ ಕಷ್ಟ ಎಂದರೆ ಸಮಯ ಮತ್ತು ಕೈ. ಒಬ್ಬರು ಮೀನನ್ನು ಎಳೆಯುತ್ತಿರುವಾಗ ಇನ್ನೊಬ್ಬರು ಹಲಗೆಯನ್ನು ದಾರದಿಂದ ಬಿಡಿಸಬೇಕು. ಚುಕ್ಕಾಣಿ ಹಿಡಿದವರೂ ಸೇರಿದರೆ ಮೂರು ಜನ ಬೇಕೆನಿಸುತ್ತದೆ. ಇನ್ನೂ ಆಳಕ್ಕೆ ಹೋಗುವ ತಾಮ್ರದ ದಾರವೂ ಇದೆ. ಅದು ಬೇಗ ಮುರುಟುತ್ತದೆ, ಮೊದಲ ವರ್ಷ ಅದರ ಗೊಡವೆ ಬೇಡ.

ಇವುಗಳಲ್ಲಿ ಮೊದಲು ಯಾವುದನ್ನು ಕೊಳ್ಳಬೇಕು? ವಸಂತದಲ್ಲಿ ಶುರುಮಾಡುವವರು ಎರಡು ಡೈವರ್ ಕೋಲು ಮತ್ತು ಒಂದೆರಡು ಬಣ್ಣದಷ್ಟೇ ಸೀಸದ ದಾರ ಬಿಟ್ಟ ಎರಡು ಬೋರ್ಡ್ ಕೋಲು ಇಟ್ಟುಕೊಂಡರೆ ಮೇಲಿನ 20 ಅಡಿ ಪೂರ್ತಿ ಕೈಗೆಟುಕುತ್ತದೆ. ಬೇಸಿಗೆಯಲ್ಲಿ ಮಾತ್ರ ಬಿಡುವಿರುವವರು ಬೋರ್ಡ್‌ಗಳ ಹಣವನ್ನು ಎರಡು ಡೌನ್‌ರಿಗರ್‌ಗಳಿಗೆ ಹಾಕಲಿ. ಮಿಶಿಗನ್ ರಾಜ್ಯದಲ್ಲಿ ಒಬ್ಬರಿಗೆ ಮೂರು ದಾರದವರೆಗೆ ಅನುಮತಿಯಿದೆ, ಇಬ್ಬರಿದ್ದರೆ ಆರು. ಆದರೂ ನಾಲ್ಕೇ ಸಾಕು. ಆರು ದಾರ ಬಿಟ್ಟು ಒಮ್ಮೆ ಬಿರುಸಾಗಿ ತಿರುಗಿದರೆ, ಗಂಟು ಬಿಡಿಸುವುದರಲ್ಲಿಯೇ ಮೀನು ಕಚ್ಚುವ ಹೊತ್ತು ಮುಗಿದುಹೋಗುತ್ತದೆ. ದಾರ ಬಿಡುವಾಗ ಹೊರಗಿನ ಬೋರ್ಡ್‌ಗಳು ಮೊದಲು, ಆಮೇಲೆ ಡೈವರ್, ಕೊನೆಗೆ ಡೌನ್‌ರಿಗರ್.

ಎರೆ ಮತ್ತು ವೇಗ

ಎರೆಗಳಲ್ಲಿ ಸ್ಪೂನ್ ಎಂಬ ಬಾಗಿದ ಲೋಹದ ತಗಡು ಎಲ್ಲ ಮೀನಿಗೂ ಎಲ್ಲ ಕಾಲಕ್ಕೂ ಆಗುತ್ತದೆ, ಸ್ವಲ್ಪ ಹೆಚ್ಚುಕಡಿಮೆ ವೇಗವನ್ನೂ ತಾಳಿಕೊಳ್ಳುತ್ತದೆ. ಫ್ಲಾಷರ್ ಎಂಬ, ತಿರುಗುತ್ತ ಹೊಳೆಯುವ ಅಗಲವಾದ ಪಟ್ಟಿಯ ಹಿಂದೆ ಫ್ಲೈ ಎಂಬ ಎಳೆಎಳೆಯಾದ ಹುಸಿ ಎರೆ ಕಟ್ಟಿದ ಜೋಡಿ ಬೇಸಿಗೆಯ ಶಿನೂಕ್‌ಗೆ ಸ್ಪೂನಿಗಿಂತ ಒಂದು ಕೈ ಮೇಲು, ಆದರೆ ವೇಗ ತಪ್ಪಿದರೆ ಕೆಲಸ ಮಾಡುವುದಿಲ್ಲ. ವಸಂತದ ಕೋಹೋಗೆ ಕಿತ್ತಳೆ ಅಥವಾ ಕೆಂಪು ಡಾಡ್ಜರ್ ಅಂದರೆ ಅತ್ತಿತ್ತ ತೊನೆಯುವ ತಗಡು, ಅದರ ಹಿಂದೆ ಗಿಡ್ಡ ದಾರದಲ್ಲಿ ಪುಟ್ಟ ಫ್ಲೈ, ಇದು ದಕ್ಷಿಣ ತುದಿಯಲ್ಲಿ ಬಹುಕಾಲದಿಂದ ನಡೆದುಬಂದ ಜೋಡಿ. ಸ್ಟೀಲ್‌ಹೆಡ್‌ಗೂ ಕಿತ್ತಳೆ ಬಣ್ಣದ ಸ್ಪೂನೇ ಮೊದಲ ಆಯ್ಕೆ. ಶಿನೂಕ್‌ಗೆ ಬೆಳಕು ಹರಿಯುವ ಮುಂಚೆ ಕತ್ತಲಲ್ಲಿ ಹೊಳೆಯುವ ಬಣ್ಣ, ಬಿಸಿಲೇರಿದ ಮೇಲೆ ಹಸಿರು, ನೀಲಿ. ಹತ್ತು ಹನ್ನೆರಡು ಎರೆಗಳಿದ್ದರೆ ಸಾಕು, ಉಳಿದ ಹಣ ಉಷ್ಣತೆ ಅಳೆಯುವ ಸಾಧನಕ್ಕೆ ಹೋಗಲಿ.

ಗಂಟೆಗೆ 2ರಿಂದ 3 ಮೈಲಿಯ ನಡುವೆ ವೇಗವಿರಬೇಕು. ಜಿಪಿಎಸ್ ತೋರಿಸುವುದು ದೋಣಿಯ ವೇಗವನ್ನು ಮಾತ್ರ. 80 ಅಡಿ ಕೆಳಗೆ ಪ್ರವಾಹ ಎದುರಾಗಿದ್ದರೆ ಎರೆಗೆ ತಾಗುವ ನೀರಿನ ವೇಗ ಹೆಚ್ಚು, ಜೊತೆಗಿದ್ದರೆ ಕಡಿಮೆ. ಒಂದು ದಿಕ್ಕಿನಲ್ಲಿ ಹೋಗುವಾಗ ಮೀನು ಸಿಕ್ಕಿ, ಅದೇ ಜಾಗದಲ್ಲಿ ಹಿಂದಿರುಗುವಾಗ ಸಿಗದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ದುಬಾರಿ ಸಾಧನವಿಲ್ಲದೆ ಇದನ್ನು ಅರಿಯುವ ದಾರಿಯೂ ಉಂಟು. ದೋಣಿಯನ್ನು ಅಗಲವಾಗಿ ಹಾವಿನ ನಡೆಯಂತೆ ಓಡಿಸಿದರೆ, ತಿರುವಿನಲ್ಲಿ ಹೊರಗಿನ ಎರೆಗಳು ವೇಗ ಪಡೆಯುತ್ತವೆ, ಒಳಗಿನವು ನಿಧಾನವಾಗುತ್ತವೆ. ಹೊರಗಿನ ಕೋಲಿಗೇ ಮತ್ತೆ ಮತ್ತೆ ಮೀನು ಬಿದ್ದರೆ ವೇಗ ಹೆಚ್ಚಿಸಿ, ಒಳಗಿನದಕ್ಕೆ ಬಿದ್ದರೆ ತಗ್ಗಿಸಿ.

ಪರವಾನಗಿ, ಮತ್ತು ಮನೆಗೆ ತರುವ ಮೀನು

ಸರೋವರದ ಸುತ್ತ ನಾಲ್ಕು ರಾಜ್ಯಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಪರವಾನಗಿ. ಮಿಶಿಗನ್‌ನಲ್ಲಿ ಒಂದೇ ಪರವಾನಗಿ ಎಲ್ಲ ಮೀನಿಗೂ ಸಲ್ಲುತ್ತದೆ. ವಿಸ್ಕಾನ್ಸಿನ್, ಇಲಿನಾಯ್, ಇಂಡಿಯಾನಾಗಳಲ್ಲಿ ಸಾಲ್ಮನ್, ಟ್ರೌಟ್‌ಗಾಗಿ ಸ್ಟಾಂಪ್ ಎಂಬ ಪ್ರತ್ಯೇಕ ಅನುಮತಿಯನ್ನೂ ಕೊಳ್ಳಬೇಕು. ಒಂದು ದಿನಕ್ಕೆ ಎಷ್ಟು ಮೀನು ಎಂಬ ಮಿತಿ ಜಾತಿಯನ್ನು ಅವಲಂಬಿಸುವುದರಿಂದ, ಆಯಾ ವರ್ಷದ ನಿಯಮ ಓದಿಕೊಂಡು ಹೋಗಿ, ಮೀನನ್ನು ಗುರುತಿಸಲು ಕಲಿಯಿರಿ. ಬಾಯಿ ತೆರೆದು ನೋಡಿದರೆ ಶಿನೂಕ್‌ನ ಒಸಡು ಕಪ್ಪು, ಕೋಹೋದ ಬಾಯಿ ಕಪ್ಪಾದರೂ ಹಲ್ಲಿನ ಬುಡದ ಒಸಡು ಬಿಳಿಚು, ಸ್ಟೀಲ್‌ಹೆಡ್‌ನ ಬಾಯಿ ಪೂರ್ತಿ ಬಿಳಿ. ಬಾಲದ ಚುಕ್ಕೆಗಳು ಶಿನೂಕ್‌ನಲ್ಲಿ ಮೇಲಿನ, ಕೆಳಗಿನ ಎರಡೂ ಭಾಗಗಳಲ್ಲಿರುತ್ತವೆ, ಕೋಹೋದಲ್ಲಿ ಸಾಮಾನ್ಯವಾಗಿ ಮೇಲಿನದರಲ್ಲಿ ಮಾತ್ರ. ಸ್ಟೀಲ್‌ಹೆಡ್‌ನಲ್ಲಿ ಬಾಲದ ತುಂಬ ಸಾಲುಸಾಲಾಗಿ ಇರುತ್ತವೆ.

ತಿನ್ನಲು ಯಾವುದನ್ನು ಇಟ್ಟುಕೊಳ್ಳಬೇಕೆಂಬುದೂ ಆಯ್ಕೆಯ ವಿಷಯವೇ. ಹಿಂದೆ ಕಾರ್ಖಾನೆಗಳಿಂದ ಸೇರಿದ ಪಿಸಿಬಿ ರಾಸಾಯನಿಕಗಳು ಈ ಸರೋವರದ ಮೀನಿನ ಕೊಬ್ಬಿನಲ್ಲಿ ಇನ್ನೂ ಇವೆ. ಮೀನು ದೊಡ್ಡದಾದಷ್ಟೂ ಮುದಿಯಾದಷ್ಟೂ ಅವು ಹೆಚ್ಚು. ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸುವ ಸೂಚನೆಗಳಲ್ಲಿ ಯಾವ ಮೀನು ತಿಂಗಳಿಗೆ ಎಷ್ಟು ಎಂಬ ಪಟ್ಟಿಯಿದೆ. ಮನೆಯಲ್ಲಿ ಮಕ್ಕಳು, ಗರ್ಭಿಣಿಯರು ಇದ್ದರೆ ಅದನ್ನು ತಪ್ಪದೆ ಪಾಲಿಸಿ. ಆ ದೃಷ್ಟಿಯಿಂದಲೂ ರುಚಿಯ ದೃಷ್ಟಿಯಿಂದಲೂ ವಸಂತದ ಸಣ್ಣ ಕೋಹೋಗೇ ನನ್ನ ಮೊದಲ ಮತ. ನದಿ ಸೇರುವ ಕಾಲ ಹತ್ತಿರವಾಗಿ ಮೈಬಣ್ಣ ಕಂದಿದ ಸೆಪ್ಟೆಂಬರ್ ಶಿನೂಕ್ ಮಾಂಸ ಮೆದುವಾಗಿ ರುಚಿಗೆಟ್ಟಿರುತ್ತದೆ. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು, ಮಂಜುಗಡ್ಡೆಯಲ್ಲಿ ಹುದುಗಿಸಿಡಿ. ಮನೆಯಲ್ಲಿ ತೊಗಲು ತೆಗೆದು, ಹೊಟ್ಟೆಯ ಅಂಚಿನ ಕೊಬ್ಬನ್ನೂ ಬೆನ್ನಿನ ಕೊಬ್ಬನ್ನೂ ಪಕ್ಕದ ಗೆರೆಯುದ್ದಕ್ಕೂ ಇರುವ ಕಂದು ಮಾಂಸವನ್ನೂ ಕೊಯ್ದು ಎಸೆಯಿರಿ. ನಮ್ಮ ಕರಾವಳಿಯ ತವಾ ಫ್ರೈ ಮಾಡುವುದಾದರೆ ಕೊಬ್ಬು ಕಾವಲಿಯಲ್ಲೇ ಉಳಿಯುತ್ತದೆ, ಆ ಎಣ್ಣೆಯನ್ನು ಮತ್ತೆ ಬಳಸಬೇಡಿ. ಕೆಂಡದ ಮೇಲೆ ಜಾಲರಿಯಲ್ಲಿ ಸುಟ್ಟರೆ ಕೊಬ್ಬು ಕೆಳಗೆ ಸುರಿದುಹೋಗುತ್ತದೆ.